ಬ್ಯಾಂಕಾಕ್ ನಗರದಲ್ಲಿ ಶ್ರಾವಕನ ಆಹಾರವಿವೇಕ

ಬ್ಯಾಂಕಾಕ್ ನಗರಕ್ಕೆ ಹೊರಡುವ ಜೈನ ಕುಟುಂಬಗಳಲ್ಲಿ ಟಿಕೆಟ್ಟು, ವೀಸಾಗಳ ಮಾತಿಗಿಂತ ಮೊದಲು ಏಳುವ ಪ್ರಶ್ನೆ, "ಅಲ್ಲಿ ಊಟಕ್ಕೇನು ಗತಿ?" ಎಂಬುದು. ಹರಳಿನ ವ್ಯಾಪಾರಕ್ಕೆಂದು ಹೋಗುವವರು, ಸಂಸ್ಥೆಯ ಕೆಲಸದ ಮೇಲೆ ಎರಡು ಮೂರು ವರ್ಷ ಅಲ್ಲಿಯೇ ನೆಲೆಸುವ ತರುಣರು, ಮದುವೆಯಾದ ಹೊಸತರಲ್ಲಿ ಪ್ರವಾಸ ಹೋಗುವ ದಂಪತಿಗಳು, ಎಲ್ಲರಿಗೂ ಇದು ಸಮಾನ. ಇದಕ್ಕೆ ನಮ್ಮ ಸಮಾಜದಲ್ಲಿ ಎರಡು ಸಿದ್ಧ ಉತ್ತರಗಳಿವೆ. ಒಂದು, ಪೆಟ್ಟಿಗೆಯ ತುಂಬ ಖಾಕ್ರಾ, ಅವಲಕ್ಕಿ, ಚಟ್ನಿಪುಡಿಗಳನ್ನು ಕಟ್ಟಿಕೊಂಡು ಹೋಗುವುದು. ತಂಡ ದೊಡ್ಡದಾದರೆ ಅಡುಗೆಯವನನ್ನೇ ಜೊತೆಗೆ ಕರೆದೊಯ್ಯುವುದು. ಇನ್ನೊಂದು, "ಪರದೇಶದಲ್ಲಿ ಹೆಚ್ಚು ಕೇಳಲು ಹೋಗಬಾರದು, ಕಣ್ಣಿಗೆ ಸೊಪ್ಪು ತರಕಾರಿಯಾಗಿ ಕಂಡರೆ ಉಣ್ಣಬೇಕು" ಎಂಬುದು. ಮೊದಲನೆಯದು ನಾಲ್ಕು ದಿನಗಳ ಪ್ರವಾಸಕ್ಕೆ ಸಾಕಾಗುವ ವ್ಯವಸ್ಥೆ. ಅದರ ಬಗೆಗೆ ಆಕ್ಷೇಪವೇನೂ ಇಲ್ಲ. ವಿಚಾರಕ್ಕೆ ಎತ್ತಿಕೊಳ್ಳಬೇಕಾದದ್ದು ಎರಡನೆಯದು. ಏಕೆಂದರೆ ಅದು ನೋಡಲು ವ್ಯವಹಾರಜ್ಞಾನದಂತೆ ಕಂಡರೂ ಅದರ ಹಿಂದೆ ಒಂದು ಸಿದ್ಧಾಂತವಿದೆ. ಆ ಸಿದ್ಧಾಂತ ನಮ್ಮದಲ್ಲ.

ಆ ನಗರದ ಅಡುಗೆಯ ಸ್ವರೂಪವನ್ನು ಮೊದಲು ತಿಳಿಯುವುದು ಒಳ್ಳೆಯದು. ಬ್ಯಾಂಕಾಕಿನಲ್ಲಿ ಊಟವು ಮನೆಗಿಂತ ಬೀದಿಯಲ್ಲಿಯೇ ಹೆಚ್ಚು. ಸೋಯ್ ಎಂದು ಕರೆಯುವ ಅಡ್ಡಬೀದಿಗಳಲ್ಲಿ, ದೋಣಿಗಟ್ಟೆಗಳಲ್ಲಿ, ಕಚೇರಿಗಳ ನೆಲಮಾಳಿಗೆಗಳಲ್ಲಿ ಬೆಳಗಿನಿಂದ ನಡುರಾತ್ರಿಯವರೆಗೆ ಬಾಣಲೆ ಒಲೆಯಿಂದ ಇಳಿಯುವುದೇ ಇಲ್ಲ. ಅಲ್ಲಿನ ತಟ್ಟೆಯಲ್ಲಿ ಕಾಣುವ ಮಾಂಸವನ್ನು ಬಿಡುವುದು ಯಾರಿಗೂ ಕಷ್ಟವಲ್ಲ. ಕಾಣದೆ ಇರುವುದೇ ತೊಡಕು. ನಮ್ಮಲ್ಲಿ ಉಪ್ಪು ಹಾಕುವ ಕಡೆಯಲ್ಲೆಲ್ಲ ಅವರು "ನಾಮ್ ಪ್ಲಾ" ಹಾಕುತ್ತಾರೆ. ಚಿಕ್ಕ ಮೀನುಗಳನ್ನು ಉಪ್ಪಿನೊಡನೆ ತೊಟ್ಟಿಯಲ್ಲಿ ತುಂಬಿ, ತಿಂಗಳುಗಟ್ಟಲೆ, ಹಲವೊಮ್ಮೆ ವರ್ಷಕ್ಕೂ ಮೇಲ್ಪಟ್ಟು ಕೊಳೆಯಿಸಿ ಬಸಿದ ರಸ ಅದು. ನೋಡಲು ಚಹಾದ ಬಣ್ಣದ ತಿಳಿನೀರು. ಹಸಿರು ಸಾರಿಗೂ ಕೆಂಪು ಸಾರಿಗೂ ಅರೆಯುವ ಮಸಾಲೆಯಲ್ಲಿ ಸಾಮಾನ್ಯವಾಗಿ "ಕಪಿ" ಇರುತ್ತದೆ; ಅದು ಸಿಗಡಿಯನ್ನು ಹುದುಗಿಸಿದ ಮುದ್ದೆ. ಪರಂಗಿಕಾಯಿಯ ಕೋಸಂಬರಿಯಂತೆ ತೋರುವ "ಸೋಮ್ ತಾಮ್" ಎಂಬುದರಲ್ಲಿ ಒಣಸಿಗಡಿಯೂ ಮೀನಿನ ರಸವೂ ಸೇರಿರುತ್ತವೆ. ಬರಿಯ ಸೊಪ್ಪಿನ ಹುರುಕಲಿಗೂ ಸಿಂಪಿಯ ರಸ ಬೀಳುತ್ತದೆ. "ಮಾಂಸ ಬೇಡ" ಎಂದು ಹೇಳಿದವನ ಮುಂದೆ ಬರುವ ತಟ್ಟೆಯಲ್ಲಿ ಇವೆಲ್ಲವೂ ಇರಬಹುದು. ತಂದವನು ಮೋಸ ಮಾಡಿದನೆಂದು ಹೇಳುವಂತಿಲ್ಲ. ಅವನ ಭಾಷೆಯಲ್ಲಿ ಮಾಂಸವೆಂದರೆ ತುಂಡು. ರಸವು ರುಚಿ ಮಾತ್ರ.

ಇಂಥ ಕಡೆ "ಕೇಳದೆ ಉಣ್ಣುವುದು" ಎಂಬ ನೀತಿಗೆ ಹಳೆಯ ಚರಿತ್ರೆಯೊಂದಿದೆ. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ವೈಶಾಲಿಯ ಸೀಹ ಸೇನಾಪತಿಯ ಪ್ರಸಂಗ ಬರುತ್ತದೆ. ಮೊದಲು ನಿರ್ಗ್ರಂಥರ, ಎಂದರೆ ನಮ್ಮವರ, ಅನುಯಾಯಿಯಾಗಿದ್ದ ಆತ ಬುದ್ಧನನ್ನು ಆಶ್ರಯಿಸಿ, ಭಿಕ್ಷುಸಂಘಕ್ಕೆ ಮಾಂಸದ ಊಟ ಇಕ್ಕಿದನೆಂದೂ, ಅದನ್ನು ತಿಳಿದ ನಿರ್ಗ್ರಂಥರು ವೈಶಾಲಿಯ ಬೀದಿಬೀದಿಗಳಲ್ಲಿ ಖಂಡಿಸಿದರೆಂದೂ ಅಲ್ಲಿ ಹೇಳಿದೆ. ಆ ಸಂದರ್ಭದಲ್ಲಿಯೇ ಭಿಕ್ಷುಗಳಿಗೆ ಮೂರು ವಿಧದಲ್ಲಿ ಶುದ್ಧವಾದ ಮಾಂಸಕ್ಕೆ ಅನುಮತಿ ದೊರೆಯಿತು: ತನಗಾಗಿ ಕೊಂದದ್ದನ್ನು ಕಂಡಿರಬಾರದು, ಕೇಳಿರಬಾರದು, ಹಾಗೆಂದು ಶಂಕೆಯೂ ಇರಬಾರದು. ಥಾಯ್ ದೇಶದ ಭಿಕ್ಷುಗಳು ಬೆಳಗ್ಗೆ ಪಾತ್ರೆ ಹಿಡಿದು ಹೊರಟು, ಮನೆಯವರು ಹಾಕಿದ್ದನ್ನು ಸ್ವೀಕರಿಸುವುದು ಇಂದಿಗೂ ಈ ನಿಯಮದಂತೆಯೇ.

ಈ ನಿಯಮವನ್ನು ಹಗುರವಾಗಿ ಕಾಣುವುದು ಸಲ್ಲದು. ಆಯ್ಕೆಯ ಅಧಿಕಾರವನ್ನೇ ಬಿಟ್ಟುಕೊಟ್ಟ ಭಿಕ್ಷುವಿಗೆ ವಿಧಿಸಿದ ನಿಯಮ ಅದು. "ಇದು ಬೇಕು, ಅದು ಬೇಡ" ಎಂಬ ರುಚಿಯ ಮೋಹವನ್ನು ಕಳೆಯುವ ಉದ್ದೇಶವೂ ಅದರಲ್ಲಿದೆ. ಆದರೆ ಕಿಸೆಯಲ್ಲಿ ಹಣವಿಟ್ಟುಕೊಂಡು ಅಂಗಡಿಯ ಮುಂದೆ ನಿಂತ ಗೃಹಸ್ಥನಿಗೆ ಅದು ಹೇಗೆ ಅನ್ವಯಿಸೀತು? ಜೈನ ಆಚಾರ್ಯರು ಹಿಂಸೆಯ ಲೆಕ್ಕವನ್ನು ಮನೋವಚನಕಾಯಗಳಿಂದಲೂ ಕೃತ, ಕಾರಿತ, ಅನುಮೋದನೆಗಳಿಂದಲೂ ಗುಣಿಸಿ ಒಂಬತ್ತು ಬಾಗಿಲುಗಳಲ್ಲಿ ಇಟ್ಟಿದ್ದಾರೆ. ತಾನು ಕೊಲ್ಲಲಿಲ್ಲ ಎಂಬಲ್ಲಿಗೆ ಮುಚ್ಚಿದ್ದು ಒಂದು ಬಾಗಿಲು ಮಾತ್ರ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನೂ ನಿಷೇಧಿಸುತ್ತಾರೆ. ಅದರಲ್ಲಿ ಹುಟ್ಟುತ್ತಲೇ ಇರುವ ನಿಗೋದ ಜೀವಿಗಳ ಘಾತ ತಪ್ಪದು ಎಂಬುದು ಅವರ ಕಾರಣ. ತಿಂಗಳುಗಟ್ಟಲೆ ಕೊಳೆತ ಮೀನಿನ ರಸದ ವಿಷಯದಲ್ಲಿ ಬೇರೆ ವ್ಯಾಖ್ಯಾನ ಬೇಕಾಗಲಾರದು.

ವ್ಯಾಪಾರಸ್ಥರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. ಅಂಗಡಿಯವನು ಇಂದು ಖಾಲಿಯಾದ ಸರಕನ್ನೇ ನಾಳೆ ತರಿಸುತ್ತಾನೆ. ಕೊಂಡವನು ಕೇಳಿ ಕೊಂಡನೋ ಕೇಳದೆ ಕೊಂಡನೋ ಎಂಬುದು ಅವನ ದಾಸ್ತಾನು ಪುಸ್ತಕದಲ್ಲಿ ನಮೂದಾಗುವುದಿಲ್ಲ. ಆದುದರಿಂದ "ಗೊತ್ತಿಲ್ಲದೆ ತಿಂದರೆ ದೋಷವಿಲ್ಲ" ಎನ್ನುವ ಶ್ರಾವಕನು ಎರಡು ತಪ್ಪುಗಳನ್ನು ಒಟ್ಟಿಗೆ ಮಾಡುತ್ತಾನೆ. ಮಂದಿರದಲ್ಲಿ ಕುಳಿತಾಗ ಒಪ್ಪದ ಸಿದ್ಧಾಂತವನ್ನು ಹೋಟೆಲಿನಲ್ಲಿ ಕುಳಿತಾಗ ಒಪ್ಪುತ್ತಾನೆ. ಮೇಲಾಗಿ, ಅದನ್ನು ಒಪ್ಪಲು ಭಿಕ್ಷುವಿಗಿರುವ ಕಾರಣ ಇವನಿಗಿಲ್ಲ. ನಿಜವಾಗಿ ತಿಳಿಯದೆ ಆದ ಪ್ರಮಾದಕ್ಕೆ ಪ್ರತಿಕ್ರಮಣವಿದೆ. ತಿಳಿಯಬಾರದೆಂದು ಬಾಯಿ ಮುಚ್ಚಿಕೊಂಡದ್ದು ಅಜ್ಞಾನವಲ್ಲ, ಪ್ರಮತ್ತಯೋಗ. ತತ್ತ್ವಾರ್ಥಸೂತ್ರಕಾರರು ಹಿಂಸೆಯ ಲಕ್ಷಣವನ್ನು ಹೇಳುವಾಗ ಮೊದಲು ಇಟ್ಟದ್ದೇ ಆ ಮಾತನ್ನು.

ಹಾಗಾದರೆ ಕೇಳುವುದು ಹೇಗೆ? ಇಲ್ಲಿ ಆ ನಗರವೇ ಒಂದು ಸಹಾಯವನ್ನು ಒದಗಿಸುತ್ತದೆ. ಅದು ನಮ್ಮ ಬಹುಮಂದಿ ಪ್ರವಾಸಿಗಳಿಗೆ ತಿಳಿದೇ ಇಲ್ಲ.

ಥಾಯ್ ಭಾಷೆಯಲ್ಲಿ ಸಸ್ಯಾಹಾರಕ್ಕೆ ಎರಡು ಮಾತುಗಳಿವೆ. ಒಂದು "ಮಂಗ್ಸವಿರಾಟ್". ಕಿವಿಗೆ ಪರಕೀಯವಾದರೂ ಇದು ನಮ್ಮ ಮಾತೇ: ಮಾಂಸ-ವಿರತಿ. ದೇಶವಿರತಿ, ಸರ್ವವಿರತಿ ಎಂದು ಶ್ರಾವಕರೂ ಮುನಿಗಳೂ ದಿನನಿತ್ಯ ಬಳಸುವ ಶಬ್ದವು ಸಮುದ್ರ ದಾಟಿ ಅಲ್ಲಿನ ಹೋಟೆಲುಗಳ ಫಲಕದ ಮೇಲೆ ಕುಳಿತಿದೆ. ಆದರೆ ಈ ಮಾತಿನ ವ್ಯಾಪ್ತಿ ಸಡಿಲ; ಮೊಟ್ಟೆ, ಬೆಳ್ಳುಳ್ಳಿ, ಈರುಳ್ಳಿಗಳನ್ನು ಅದು ತಡೆಯುವುದಿಲ್ಲ. ಎರಡನೆಯ ಮಾತು "ಜೇ". ಇದು ಚೀನೀ ಮೂಲದ್ದು. ವ್ರತಕಾಲದ ಶುದ್ಧಿ ಎಂಬ ಅರ್ಥವುಳ್ಳದ್ದು. ಜೇ ಆಹಾರದಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಅಷ್ಟೇ ಅಲ್ಲದೆ ಈರುಳ್ಳಿ, ಬೆಳ್ಳುಳ್ಳಿ ಮೊದಲಾದ ಉಗ್ರಗಂಧದ ಐದು ವಸ್ತುಗಳಿಗೂ ನಿಷೇಧವಿದೆ. ಅವು ಚಿತ್ತವನ್ನು ಕೆರಳಿಸುತ್ತವೆ ಎಂಬುದು ಅವರ ಕಾರಣ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ, ಎಂದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ, ಇದು ದೊಡ್ಡ ಪರ್ವ. 2022, 2023, 2024ರಲ್ಲಿ ಈ ಒಂಬತ್ತು ದಿನಗಳು ನಮ್ಮ ದೇಶದ ನವರಾತ್ರಿಯ ದಿನಗಳೇ ಆಗಿದ್ದವು. ಆಗ ಚೀನೀಯರ ಪೇಟೆಯಾದ ಯಾವೊರಾಟ್ ಬೀದಿ ಹಳದಿ ಬಾವುಟಗಳಿಂದ ತುಂಬುತ್ತದೆ. ಬಾವುಟದ ಮೇಲಿನ ಕೆಂಪು ಅಕ್ಷರಗಳು ಥಾಯ್ ಲಿಪಿ ಅರಿಯದವರ ಕಣ್ಣಿಗೆ 17 ಎಂಬ ಅಂಕಿಯಂತೆ ತೋರುತ್ತವೆ. ಗುರುತಿಗೆ ಇದು ಅನುಕೂಲ. ಭೂಗತ ರೈಲಿನ ವಾಟ್ ಮಂಗ್‌ಕೋನ್ ನಿಲ್ದಾಣ 2019ರಲ್ಲಿ ತೆರೆದ ಮೇಲೆ ಅಲ್ಲಿಗೆ ಹೋಗುವುದು ಸುಲಭವಾಗಿದೆ. ಪರ್ವದ ಹೊರತಾದ ದಿನಗಳಲ್ಲಿಯೂ ನಗರದ ಅನೇಕ ಪೇಟೆಗಳಲ್ಲಿ ಇದೇ ಹಳದಿ ಗುರುತಿನ ಸಣ್ಣ ಅಂಗಡಿಗಳು ಸಿಗುತ್ತವೆ. "ಕಿನ್ ಜೇ", ಜೇ ಉಣ್ಣುವವರು, ಎಂಬ ಎರಡು ಮಾತುಗಳು ನಮ್ಮ ಅರ್ಧ ಗಂಟೆಯ ವಿವರಣೆಯ ಕೆಲಸ ಮಾಡುತ್ತವೆ. ಅದರೊಡನೆ "ಮಾಯ್ ಸಾಯ್ ನಾಮ್ ಪ್ಲಾ", ಮೀನಿನ ರಸ ಹಾಕಬೇಡಿ, ಎಂಬುದನ್ನೂ ಕಲಿತರೆ ಸಂಕೋಚಕ್ಕೆ ಎಡೆಯಿಲ್ಲ.

ಬೌದ್ಧರಲ್ಲಿಯೂ ಈ ವಿಷಯದಲ್ಲಿ ಒಂದೇ ಅಭಿಪ್ರಾಯವಿಲ್ಲ. 1975ರಲ್ಲಿ ಅಲ್ಲಿನ ಸಂಘದಿಂದ ಬೇರೆಯಾದ ಸಂತಿ ಅಶೋಕ ಪಂಥವು ಮಾಂಸತ್ಯಾಗವನ್ನು ಬುದ್ಧಾನುಯಾಯಿಗಳ ಕರ್ತವ್ಯವೆಂದೇ ಸಾರಿತು. ಆ ಪಂಥದ ಗೃಹಸ್ಥ ಶಿಷ್ಯರಾದ ಚಮ್ಲೋಂಗ್ ಶ್ರೀಮುವಾಂಗ್ ಎಂಬ ಸೇನಾಧಿಕಾರಿ 1985ರಿಂದ 1992ರವರೆಗೆ ಬ್ಯಾಂಕಾಕಿನ ಗವರ್ನರ್ ಆಗಿದ್ದರು. ಬೀದಿಯುದ್ದಕ್ಕೂ ಮೀನು ಮಾಂಸ ಬೇಯುವ ಮಹಾನಗರವನ್ನು ದಿನಕ್ಕೊಮ್ಮೆ ಮಾತ್ರ, ಅದೂ ಸಸ್ಯಾಹಾರ, ಉಣ್ಣುವ ವ್ಯಕ್ತಿಯೊಬ್ಬರು ಆಳಿದರು. ನಮ್ಮ ನಗರಪಿತೃಗಳಲ್ಲಿ ಇಂಥವರನ್ನು ಹುಡುಕುವುದಕ್ಕೆ ಈ ಲೇಖನ ಹೊರಟಿಲ್ಲವೆಂಬುದು ಸಮಾಧಾನದ ವಿಷಯ.

ಜೇ ಅಂಗಡಿಯಲ್ಲಿ ಕುಳಿತ ಜೈನನಿಗೆ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಬೆಳ್ಳುಳ್ಳಿಯನ್ನು ಬಿಟ್ಟ ಅದೇ ಅಂಗಡಿಯಲ್ಲಿ ಮೂಲಂಗಿ, ಶುಂಠಿಯ ಜಾತಿಯ ಗೆಡ್ಡೆಗಳು, ಕೊತ್ತಂಬರಿಯ ಬೇರು ಧಾರಾಳ. ಅಣಬೆಯಂತೂ ಮುಖ್ಯ ಪದಾರ್ಥ. ಉಪ್ಪಿನ ಸ್ಥಾನದಲ್ಲಿ ಬರುವ ಸೋಯಾ ರಸ ತಿಂಗಳುಗಟ್ಟಲೆ ಹುದುಗಿದ್ದು. ಹಿಟ್ಟಿಗೂ ಉಪ್ಪಿನಕಾಯಿಗೂ ದಿನಗಳ ಮರ್ಯಾದೆ ಎಣಿಸುವ ನಮ್ಮ ಹಿರಿಯರಿಗೆ ಅದು ಒಪ್ಪಿಗೆಯಾಗದು. ಅವರ ನಿಷೇಧ ಉಗ್ರಗಂಧಕ್ಕೆ, ನಮ್ಮದು ಅನಂತಕಾಯಕ್ಕೆ. ಎರಡು ವೃತ್ತಗಳು ಒಂದನ್ನೊಂದು ದಾಟಿಕೊಂಡು ಹೋಗುತ್ತವೆ, ಅಷ್ಟೆ, ಒಂದಾಗುವುದಿಲ್ಲ.

ಆದರೂ ಇಲ್ಲಿ ಒಂದು ತೂಕದ ಪ್ರಶ್ನೆ ಹುಟ್ಟುತ್ತದೆ. ಸಿಲೋಮ್ ರಸ್ತೆಯ ಸುತ್ತಿನ ಹರಳು ವ್ಯಾಪಾರಿಗಳ ಕೇರಿಯಲ್ಲಿ, ಪಾಹುರಾಟ್ ಜವಳಿಪೇಟೆಯಲ್ಲಿ, ಪ್ರಾತುನಾಮ್, ಸುಖುಮ್ವಿಟ್ ಕಡೆಗಳಲ್ಲಿ ಭಾರತೀಯ ಹೋಟೆಲುಗಳು ಬಹಳ. "ಜೈನ್ ಊಟ ದೊರೆಯುತ್ತದೆ" ಎಂಬ ಫಲಕವೂ ಅವುಗಳಲ್ಲಿ ಹಲವಕ್ಕೆ ಇರುತ್ತದೆ. ಶುದ್ಧ ಸಸ್ಯಾಹಾರದವು ಕೆಲವು. ಅವುಗಳ ಮಾತು ಬೇರೆ. ಉಳಿದವುಗಳಲ್ಲಿ ಅದೇ ಒಲೆಯ ಸಾಲಿನಲ್ಲಿ ಕೋಳಿ ಬೇಯುತ್ತಿರುತ್ತದೆ. ಜೈನನ ಪಾಲಿಗೆ ಈರುಳ್ಳಿ, ಆಲೂಗಡ್ಡೆ ಇಲ್ಲದ ಪನೀರು ಬರುತ್ತದೆ. ಒಂದು ಕಡೆ ಪ್ರಾಣಿಯೇ ಪ್ರವೇಶಿಸದ, ಆದರೆ ಗೆಡ್ಡೆಗಳಿರುವ ಜೇ ಅಡುಗೆಮನೆ. ಇನ್ನೊಂದು ಕಡೆ ಗೆಡ್ಡೆಯಿಲ್ಲದ ತಟ್ಟೆಯನ್ನು ಕೊಡುವ, ಆದರೆ ಮಾಂಸದಿಂದಲೇ ಬಾಳುವ ಸ್ವದೇಶೀಯನ ಅಡುಗೆಮನೆ. ಶ್ರಾವಕನು ಎಲ್ಲಿ ಕುಳಿತುಕೊಳ್ಳಬೇಕು?

ನಮ್ಮವರ ಕಾಲು ಸಹಜವಾಗಿ ಎರಡನೆಯದರ ಕಡೆಗೇ ಹೋಗುತ್ತದೆ. ಭಾಷೆ ತಿಳಿಯುತ್ತದೆ, ರುಚಿ ಗೊತ್ತು, ಫಲಕದ ಮೇಲೆ ನಮ್ಮ ಹೆಸರೇ ಇದೆ. ಆದರೆ ಅಣುವ್ರತದ ಕ್ರಮವನ್ನು ನೆನೆದರೆ ನಿರ್ಣಯ ಬೇರೆಯಾಗಬೇಕು. ಗೃಹಸ್ಥನ ಅಹಿಂಸಾಣುವ್ರತವು ಮೊದಲು ತ್ರಸಜೀವಿಗಳ ಸಂಕಲ್ಪಹಿಂಸೆಯಿಂದ ವಿರತಿ. ಸ್ಥಾವರ ಜೀವಿಗಳ ವಿಷಯದಲ್ಲಿ ಆದಷ್ಟು ಸಂಕೋಚ. ಸಮಂತಭದ್ರಾಚಾರ್ಯರು ಶ್ರಾವಕನ ಮೂಲಗುಣಗಳಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಐದು ಅಣುವ್ರತಗಳೊಡನೆ ಬುನಾದಿಯಲ್ಲಿ ಇಟ್ಟರು. ಬುನಾದಿಯನ್ನು ಬಿಟ್ಟು ಮಾಳಿಗೆಯನ್ನು ಮಾತ್ರ ಕಾಪಾಡುವುದು ಕ್ರಮವಲ್ಲ. ಜೇ ಅಂಗಡಿಯಲ್ಲಿ ಗೆಡ್ಡೆ, ಅಣಬೆಗಳಿಲ್ಲದ ಸೊಪ್ಪಿನ ಹುರುಕಲು, ಸೋಯಾ ಗಿಣ್ಣು, ಅನ್ನ ಇವನ್ನು ಬೆರಳು ತೋರಿಸಿ ಆರಿಸಿಕೊಳ್ಳುವುದು ಸಾಧ್ಯ. ಸೋಯಾ ರಸವೂ ಬೇಡವೆಂದರೆ ಉಪ್ಪಿನಲ್ಲಿಯೇ ಹುರಿದು ಕೊಡುವವರಿದ್ದಾರೆ. ಕೊಟ್ಟ ಹಣವು ಮಾಂಸವಿಲ್ಲದ ಒಂದು ಒಲೆಯನ್ನು ಒಂಬತ್ತು ದಿನಗಳ ಆಚೆಗೂ ಉರಿಸುತ್ತದೆ. ಅನುಮೋದನೆಯ ಬಾಗಿಲು ಪಾಪಕ್ಕೆ ಮಾತ್ರ ತೆರೆದದ್ದಲ್ಲ. ಪುಣ್ಯವೂ ಅದೇ ಬಾಗಿಲಿನಿಂದ ಬರಬೇಕು. ಕಠಿಣ ನಿಯಮದ ಕುಟುಂಬಗಳು ಇದನ್ನೂ ಒಪ್ಪದೆ ಹಣ್ಣು, ಎಳನೀರುಗಳಲ್ಲಿ ದಿನ ಕಳೆದರೆ ಅದು ಇನ್ನೂ ಮೇಲು. ಮಾವಿನಹಣ್ಣು, ಅಂಟಕ್ಕಿಯ ಅನ್ನ, ತೆಂಗಿನಹಾಲು ಸೇರಿದ ಅಲ್ಲಿನ ಸಿಹಿಗೆ ಸಾಮಾನ್ಯವಾಗಿ ಯಾರೂ ಅಡ್ಡಿ ಹೇಳುವಂತಿಲ್ಲ.

ಜೇ ಅಂಗಡಿಯ ನಿಜವಾದ ಇಕ್ಕಟ್ಟು ಗೆಡ್ಡೆಯದಲ್ಲ, ಗೋಧಿಹಿಟ್ಟಿನದು. ಆ ಪರ್ವದಲ್ಲಿ ಗೋಧಿಯ ಅಂಟು, ಸೋಯಾಗಳಿಂದ ಬಾತುಕೋಳಿ, ಹಂದಿಯ ತುಂಡು, ಸಿಗಡಿ, ಮೀನು ಎಲ್ಲವನ್ನೂ ಮಾಡಿ ಮಾರುತ್ತಾರೆ. ಚರ್ಮದ ಸುಕ್ಕು, ಕೊಬ್ಬಿನ ಗೆರೆಗಳನ್ನೂ ಬಿಡದೆ ಮೂಡಿಸುತ್ತಾರೆ. ಅದರಲ್ಲಿ ಜೀವವಿಲ್ಲ, ರಕ್ತವಿಲ್ಲ. ಪದಾರ್ಥದ ಪಟ್ಟಿಯನ್ನು ಓದಿದರೆ ದೋಷ ಹುಡುಕುವುದೇ ಕಷ್ಟ. ನಮ್ಮ ತರುಣರು ಕೇಳುವುದು ಸಹಜ: "ಹಿಟ್ಟು ತಾನೆ? ತಿಂದರೇನು?"

ಕನ್ನಡ ಬಲ್ಲ ಜೈನರಿಗೆ ಈ ಪ್ರಶ್ನೆ ಹೊಸದಲ್ಲ. 1209ರಲ್ಲಿ ಜನ್ನನು ಯಶೋಧರ ಚರಿತೆಯನ್ನು ಮುಗಿಸಿದಾಗಲೇ ಇದು ನಮ್ಮ ಮುಂದೆ ಬಂದಿದೆ. ಕೆಟ್ಟ ಕನಸಿನ ಪರಿಹಾರಕ್ಕೆ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ, ಯಶೋಧರ ಒಪ್ಪುವುದಿಲ್ಲ, ಕೊನೆಗೆ ಹಿಟ್ಟಿನ ಕೋಳಿಯಾದರೂ ಆಗಲೆಂದು ಒಪ್ಪಂದವಾಗುತ್ತದೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಸಂಕಲ್ಪಕ್ಕಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲ್ಗೊಂಡು ಕೋಳಿಯ ಜನ್ಮದವರೆಗೆ ಹುಟ್ಟಿ ಸತ್ತು ಬಳಲುತ್ತಾರೆ. ದ್ರವ್ಯಹಿಂಸೆ ಇಲ್ಲದ ಕಡೆಯೂ ಭಾವಹಿಂಸೆ ಇರಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಥೆ ಇನ್ನೊಂದಿಲ್ಲ.

ಆದರೆ ಈ ಕಥೆಯನ್ನು ಯಾವೊರಾಟ್ ಬೀದಿಯ ಮೇಲೆ ತೀರ್ಪಿನಂತೆ ಹೇರುವುದು ನ್ಯಾಯವಾದೀತೆ? ಯಶೋಧರನು ಕೋಳಿಯನ್ನು ಕೊಲ್ಲುವ ಭಾವದಿಂದ ಹಿಟ್ಟನ್ನು ಕಡಿದನು. ಯಾವೊರಾಟ್‌ನ ಅಜ್ಜಿಯೊಬ್ಬಳು ವರ್ಷವಿಡೀ ಬಾತುಕೋಳಿ ತಿಂದು, ಈ ಒಂಬತ್ತು ದಿನ ಕೊಲೆಯನ್ನು ಬಿಡುವ ಭಾವದಿಂದ ಹಿಟ್ಟಿನ ಬಾತುಕೋಳಿಯನ್ನು ತಿನ್ನುತ್ತಾಳೆ. ಆಕೃತಿ ಒಂದೇ, ಪರಿಣಾಮ ವಿರುದ್ಧ. ಅವಳ ಪಾಲಿಗೆ ಅದು ಮೇಲಕ್ಕೆ ಏರುವ ಮೆಟ್ಟಿಲು. ಅದನ್ನು ಕಂಡು ನಗುವುದಕ್ಕೆ ನಮಗೆ ಅಧಿಕಾರವಿಲ್ಲ. ಹುಟ್ಟಿದಂದಿನಿಂದ ಮಾಂಸದ ರುಚಿ ಅರಿಯದ ಜೈನ ತರುಣನು ಅದೇ ತಟ್ಟೆಯ ಮುಂದೆ ಕುಳಿತು, "ಬಾತುಕೋಳಿ ಹೀಗಿರುತ್ತದೆಯೇ?" ಎಂದು ಕುತೂಹಲದಿಂದ ಬಾಯಿಗಿಟ್ಟುಕೊಂಡರೆ, ಅದೇ ಮೆಟ್ಟಿಲಿನ ಮೇಲೆ ಅವನು ಕೆಳಗೆ ಇಳಿಯುತ್ತಿರುತ್ತಾನೆ. ಅನೇಕಾಂತವೆಂದರೆ "ಎಲ್ಲವೂ ಸರಿ" ಎನ್ನುವುದು ಎಂದು ತಿಳಿದವರಿಗೆ ಈ ಉದಾಹರಣೆ ಉಪಯೋಗವಾಗಬಹುದು. ಒಂದೇ ವಸ್ತು ಒಬ್ಬನಿಗೆ ಗ್ರಾಹ್ಯವೂ ಇನ್ನೊಬ್ಬನಿಗೆ ತ್ಯಾಜ್ಯವೂ ಆಗುವುದು ಇಲ್ಲಿ ಕಣ್ಣಿಗೆ ಕಾಣುವಂತಿದೆ. ಇನ್ನು ಆಕಾರವಿಲ್ಲದ ಗೋಧಿಯ ಅಂಟಿನ ತುಂಡನ್ನು ಅದೇನೆಂದು ತಿಳಿದೇ ತರಕಾರಿಯಂತೆ ಉಂಡವನಿಗೆ ಹಿಟ್ಟಿನ ಕೋಳಿಯ ಹೆದರಿಕೆ ಬೇಡ.

ರಾತ್ರಿಭೋಜನದ ವಿಷಯಕ್ಕೆ ಬಂದರೆ ಹೆಚ್ಚು ವಾದಕ್ಕೆ ಅವಕಾಶವಿಲ್ಲ. ಬ್ಯಾಂಕಾಕ್ ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿ 45 ನಿಮಿಷದ ಸಮೀಪ; ನಮ್ಮ ಮೂಡುಬಿದಿರೆ, ಕಾರ್ಕಳಗಳಿಗಿಂತ ಸ್ವಲ್ಪವೇ ಉತ್ತರಕ್ಕೆ. ಹಗಲಿನ ಅಳತೆ ನಮ್ಮದರಂತೆಯೇ. ನವೆಂಬರಿನಲ್ಲಿ ಸೂರ್ಯ ಆರು ಗಂಟೆಗೂ ಮೊದಲೇ ಮುಳುಗುತ್ತಾನೆ. ಜುಲೈಯಲ್ಲಿ ಏಳಕ್ಕೆ ಹತ್ತು ನಿಮಿಷ ಇರುವಾಗ. ಅಲ್ಲಿನ ವ್ಯಾಪಾರದ ಔತಣಗಳು ಆರಂಭವಾಗುವುದೇ ಆ ಬಳಿಕ. "ಜೈನ್ ಊಟ"ದ ಫಲಕ ತೂಗುಹಾಕಿದ ಹೋಟೆಲುಗಳು ತುಂಬುವುದು ರಾತ್ರಿ ಎಂಟರ ಮೇಲೆ ಎಂಬುದು ಸ್ವಲ್ಪ ವಿಷಾದದ ಸಂಗತಿ. ಈರುಳ್ಳಿ ತೆಗೆದ ಪಾಕವಿಧಾನಕ್ಕೆ ಜೈನವೆಂಬ ಹೆಸರು ಉಳಿದು, ಗಾಲಿಸಿದ ನೀರು, ಸೂರ್ಯಾಸ್ತ, ಮಿತಾಹಾರಗಳು ಆ ಹೆಸರಿನಿಂದ ಕಳಚಿಕೊಂಡಿವೆ. ಅದೇ ಊರಿನ ಭಿಕ್ಷುಗಳು ಮಧ್ಯಾಹ್ನ ಕಳೆದ ಮೇಲೆ ಉಣ್ಣುವುದಿಲ್ಲ. "ವನ್ ಫ್ರಾ" ಎಂದು ಕರೆಯುವ ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆಗಳಂದು ಅಷ್ಟಶೀಲ ಹಿಡಿದ ಮುದುಕ ಮುದುಕಿಯರೂ ಹಾಗೆಯೇ ಇರುತ್ತಾರೆ. ಅಷ್ಟಮಿ, ಚತುರ್ದಶಿಗಳನ್ನು ಪಾಲಿಸುವ ಜೈನನು ತನ್ನ ಥಾಯ್ ಪಾಲುದಾರನಿಗೆ "ಇಂದು ಸಂಜೆಯ ಮೇಲೆ ಉಣ್ಣುವುದಿಲ್ಲ" ಎಂದರೆ ಅದನ್ನು ಅವನು ವಿಚಿತ್ರವೆಂದು ಭಾವಿಸಲಾರ. ತನ್ನ ಅಜ್ಜಿಯನ್ನು ನೆನೆದಾನು. ಔತಣವನ್ನು ಮಧ್ಯಾಹ್ನಕ್ಕೆ ಇಡಿಸಲು ಒಂದು ಮಾತು ಸಾಕು. ಆ ಮಾತನ್ನು ಆಡಲು ನಾಚುವವರು ಬೆಲೆಯ ಚೌಕಾಶಿಯಲ್ಲಿ ನಾಚಿದ್ದನ್ನು ಯಾರೂ ಕಂಡಿಲ್ಲ.

ಮಂದಿರಗಳ ವಿಶ್ವಸ್ಥ ಮಂಡಳಿಗಳಿಗೂ ಇದರಲ್ಲಿ ಕೆಲಸವಿದೆ. ತೀರ್ಥಯಾತ್ರೆಯ ಜೊತೆಗೆ ಪರದೇಶ ಪ್ರವಾಸಗಳನ್ನೂ ಏರ್ಪಡಿಸುವ ತಂಡಗಳು ಈಗ ಹೆಚ್ಚಾಗಿವೆ. ಅಡುಗೆಯವನನ್ನು ಕರೆದೊಯ್ದು ನಲವತ್ತು ಜನರಿಗೆ ಹೋಟೆಲಿನ ಕೋಣೆಯಲ್ಲಿ ಉಪ್ಪಿಟ್ಟು ಬಡಿಸುವುದನ್ನೇ ಅವರು ಸಾಧನೆಯೆಂದು ಎಣಿಸುತ್ತಾರೆ. ಆ ನಲವತ್ತು ಜನರಲ್ಲಿ ಒಬ್ಬರ ಮಗ ಮುಂದೆ ಅಲ್ಲಿಯೇ ಕೆಲಸಕ್ಕೆ ಸೇರಿದರೆ ಅಡುಗೆಯವನು ಅವನ ಹಿಂದೆ ಹೋಗುವುದಿಲ್ಲ. ಹೊರಡುವ ಮೊದಲು ಅರ್ಧ ದಿನ ಎಲ್ಲರನ್ನೂ ಕೂರಿಸಿ ನಾಮ್ ಪ್ಲಾ ಎಂದರೇನು, ಕಪಿ ಎಂದರೇನು, ಹಳದಿ ಬಾವುಟದ ಅರ್ಥವೇನು, ಸೂರ್ಯಾಸ್ತ ಎಷ್ಟು ಹೊತ್ತಿಗೆ ಎಂಬುದನ್ನು ತಿಳಿಸಿ, ಕೇಳಬೇಕಾದ ನಾಲ್ಕು ಮಾತುಗಳನ್ನು ಥಾಯ್ ಲಿಪಿಯಲ್ಲಿ ಬರೆಸಿದ ಚೀಟಿಯೊಂದನ್ನು ಕೈಗೆ ಕೊಡಬಹುದು. ಮುದ್ರಣದ ಖರ್ಚು ಒಬ್ಬ ಯಾತ್ರಿಕನ ಒಂದು ಹೊತ್ತಿನ ಊಟದಷ್ಟೂ ಆಗಲಾರದು. ಚೀಟಿಯಲ್ಲಿ ಬೇರು, ಗೆಡ್ಡೆ, ಅಣಬೆ ಬೇಡವೆಂಬ ಸಾಲೂ ಇರಲಿ; "ಜೇ" ಎಂಬ ಮಾತು ಅದೊಂದನ್ನು ಮಾತ್ರ ತಾನಾಗಿ ಹೇಳುವುದಿಲ್ಲ.